ಸವೆದ ಸಾಲು

ಇಪ್ಪತ್ತೆರಡು ವರ್ಷ ಡ್ರಿಲ್ಲು ಹಿಡಿದ ಕೈ.
ಟೀಚರ್ ನಮಕಾವು ಅದನ್ನು ತಿರುಗಿಸಿ ಮುರುಗಿಸಿ ನೋಡಿ
(ನೋಡಿದಳೆಂದು ನನ್ನ ಊಹೆ, ನನಗೆ ಕಾಣುವುದಿಲ್ಲ)
"ಬ್ವೆಂಬ್ಯ, ಇದು ಕೈಯಲ್ಲ, ಆಮೆ" ಎಂದಳು.
ಉಬ್ಬುಚುಕ್ಕಿ ತಾಗಿದರೂ ಬೆರಳಿಗೆ ಗೊತ್ತಾಗದು.
ಮೂರು ತಿಂಗಳು, ದಿನಾ ರಾತ್ರಿ,
ಬಿಸಿನೀರು, ಕಡಲೆಕಾಯಿ ಎಣ್ಣೆ.
ತಿಕ್ಕುತ್ತ ತಿಕ್ಕುತ್ತ ಮುಸೊಂಡ ಗೊಣಗುವಳು:
ಮದುವೆಯ ದಿನ ನನ್ನ ತಲೆಯೂ ಇಷ್ಟು ಎಣ್ಣೆ ಕಂಡಿಲ್ಲ.

ಸತ್ಯವೇದ ಬಸ್ಸಿನಲ್ಲಿ ಬಂತು,
ಇಡಿಯಾಗಿ ಅಲ್ಲ. ಬೆರಳಿನ ಲಿಪಿಯಲ್ಲಿ ಅದು ಹತ್ತಾರು ಸಂಪುಟ,
ಒಂದೊಂದೂ ಎದೆಯಗಲ.
ಕಿಟ್ವೆಯ ಕುರುಡರ ಶಾಲೆಯಿಂದ ಸಾಲ ತರಿಸಿದ್ದು;
ಕಂಡಕ್ಟರು ಲಗೇಜಿನ ದುಡ್ಡು ಕೇಳಿದ.
ಮೊದಲು ಸಿಕ್ಕಿದ್ದು ಹದಿನೇಳನೆಯದು, ಕೀರ್ತನೆಗಳು.
ಲೋಕ ಹುಟ್ಟುವುದನ್ನು ಕೇಳುವ ಮೊದಲೇ
ಯಾರದೋ ಅಳುವಿನ ನಡುಮನೆಗೆ ನುಗ್ಗಿದ ಹಾಗಾಯ್ತು.

ನಿಜ ಹೇಳಲೆ, ನನಗೆ ಅವನ ಮೇಲೆ ಸಿಟ್ಟಿತ್ತು.
ಸಿಡಿಯದೆ ಕೂತಿದ್ದ ಮದ್ದು ತಡವಾಗಿ ಸಿಡಿಯಿತು;
ಕಪೆಂಬ್ವ ಹೋದ, ನನ್ನ ಕಣ್ಣು ಹೋಯಿತು.
"ಲೇಸನನ್ನು ನಂಬು" ಎನ್ನುವರು ಚರ್ಚಿನಲ್ಲಿ ಎಲ್ಲರೂ.
ನಮ್ಮ ನುಡಿಯಲ್ಲಿ ದೇವರ ಹೆಸರು ಲೇಸ.
ನಂಬು ಅನ್ನುವುದು ಅವರಿಗೆ
ಬಾಗಿಲು ಮುಂದೂಡು ಅಂದಷ್ಟು ಸುಲಭ.

ಗಣಿಯಲ್ಲಿ ನಾವು ಹಾಗೆ ಯಾವುದನ್ನೂ ನಂಬಿದವರಲ್ಲ.
ಪಾಳಿಗೆ ಮುನ್ನ ಉದ್ದನೆಯ ಸರಳೆತ್ತಿ
ತಲೆಯ ಮೇಲಿನ ಬಂಡೆಯನ್ನು ತಟ್ಟಬೇಕು.
ಠಣ್ ಅಂದರೆ ಗಟ್ಟಿ.
ಡಬ್ ಅಂದರೆ ಒಳಗೆ ಪೊಳ್ಳು, ಹಿಂದೆ ಸರಿ.
ಕಪೆಂಬ್ವ ತಟ್ಟುವಾಗ ಉಸಿರು ಬಿಗಿಹಿಡಿದು ಕೇಳುತ್ತಿದ್ದೆವು,
ಬಸುರಿಯ ಹೊಟ್ಟೆಗೆ ಕಿವಿಯಿಟ್ಟ ಸೂಲಗಿತ್ತಿಯ ಹಾಗೆ.

ಹಾಗೇ ಓದಿದೆ, ತಟ್ಟಿ ತಟ್ಟಿ.
ಕೆಟ್ಟವರಿಗೆ ಕೆಡುಕೇ ಗತಿ ಎಂಬಂಥ ಸಾಲು ಬಂತು.
ಡಬ್.
ನಮ್ಮ ಶಾಫ್ಟಿನ ಮೇಲಿನವರೆಲ್ಲ ಸುಖವಾಗಿದ್ದಾರೆ.
ಮುಂದೊಬ್ಬ, ಆಪತ್ತಿನಲ್ಲಿ ಎಲ್ಲಿ ಅಡಗಿದೆ ನೀನು ಎಂದು
ಮುಖಕ್ಕೆ ಹೊಡೆದ ಹಾಗೆ ಕೇಳುತ್ತಾನೆ.
ಬೆರಳು ಅಲ್ಲೇ ನಿಂತಿತು.
ಇದೂ ಇದರೊಳಗಿದೆಯೆ?
ತನ್ನ ಮೇಲಿನ ದೂರನ್ನು ತನ್ನ ಪುಸ್ತಕದಲ್ಲೇ
ಬರೆಸಿಟ್ಟುಕೊಂಡಿದ್ದಾನೆಯೆ?
ಠಣ್.
ಆ ರಾತ್ರಿ ನ್ಶಿಮಾ ಆರಿ ಕಲ್ಲಾಯಿತು, ಮುಸೊಂಡ ಎರಡು ಸಲ ಕರೆದಳು.

ಮಾವು ಹಣ್ಣಾಗುವ ಹೊತ್ತಿಗೆ ಕುರುಬನ ಕೀರ್ತನೆಗೆ ಬಂದೆ.
ಹುಲ್ಲು, ನೀರು, ಸಲೀಸು.
ಕತ್ತಲ ಕಣಿವೆಗೆ ಇಳಿದೆ.
ಗೊತ್ತಿರುವ ದಾರಿಯೇ ಅದು, ಕಬ್ಬಿಣದ ಪಂಜರದಲ್ಲಿ ದಿನವೂ ಇಳಿದದ್ದು.
ಅಲ್ಲಿಂದಾಚೆ ಕಾಗದ ನುಣುಪು.
ಚುಕ್ಕಿಯೇ ಇಲ್ಲ.
ನಟ್ಟ ನಡುವೆ ನನ್ನನ್ನು ಬಿಟ್ಟು
ಸಾಲು ಮಾಯ.

ಮೂಗಿಗೆ ಹಿಡಿದೆ. ಕೆನ್ನೆಗೆ ಒತ್ತಿದೆ.
ಇಲಿಯ ಹಲ್ಲಲ್ಲ, ನೀರು ಬಿದ್ದ ಮುದುರಲ್ಲ.
ಬರೀ ಸವೆತ.
ನನಗಿಂತ ಮೊದಲು ಇದನ್ನು ಸಾಲ ತಂದವರು
ಎಷ್ಟು ಜನರೋ, ಯಾವ ಊರೋ,
ಅವರ ಕಣ್ಣು ಹೇಗೆ ಹೋಯಿತೋ;
ಎಲ್ಲರೂ ಇಲ್ಲಿಯವರೆಗೆ ಬಂದಿದ್ದಾರೆ,
ಇಲ್ಲೇ ಮತ್ತೆ ಮತ್ತೆ ಬೆರಳೂರಿ ನಿಂತಿದ್ದಾರೆ,
ಮಾತು ಅಳಿಸಿಹೋಗುವ ತನಕ.

ಗಣಿಯ ಏಣಿಯಲ್ಲಿ ಕೈಗೆ ನುಣ್ಣಗೆ ಸಿಗುವ ಮೆಟ್ಟಿಲು
ಎಂದೂ ಮೋಸ ಮಾಡಿದ್ದಿಲ್ಲ.
ಯಾರೂ ಮುಟ್ಟದೆ ತುಕ್ಕು ಹಿಡಿದದ್ದಕ್ಕೇ ಹೆದರಬೇಕು.

"ಅಲ್ಲೇನಿದೆ, ಓದಿ ಹೇಳಲಾ?"
ಮುಸೊಂಡ ತನ್ನ ಅಚ್ಚಿನ ಪ್ರತಿ ತೆರೆದ ಸದ್ದು.
ತಾಳು ಅಂದೆ.
ಅವಳು ನಕ್ಕಳೋ ಕಣ್ಣೊರೆಸಿಕೊಂಡಳೋ,
ಎಣ್ಣೆ ಬಟ್ಟಲು ಸರಿದದ್ದಷ್ಟೇ ಕೇಳಿಸಿತು.
ನುಣುಪಿನ ಮೇಲೆ ಬೆರಳಿಟ್ಟು
ಒಂದಿಷ್ಟೇ ಇಷ್ಟು ಭಾರ ಬಿಟ್ಟು ನೋಡಿದೆ.
ತಡೆಯಿತು.

ಸೋಮವಾರದ ಬಸ್ಸಿಗೆ ಇದು ವಾಪಸು ಹೋಗಬೇಕು.
ಮುಂದೆ ತರಿಸಿಕೊಳ್ಳುವವರಿಗೆ
ಇನ್ನೂ ಸ್ವಲ್ಪ ಸವೆಸಿ ಕಳಿಸುತ್ತೇನೆ.